ಕಡಮತ್ ಲಗೂನಿನ ನೀರನ್ನು ಟೈಲ್‌ನಲ್ಲಿ ಹಿಡಿದ ಬಗೆ

ಕಾರವಾರದ ಕಡಲಿಗೆ ತಿಳಿನೀಲಿ ಅಪರೂಪ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದಿಂದ ಹೊತ್ತು ತರುವ ಹೂಳು ಕರಾವಳಿಯ ನೀರಿನಲ್ಲಿ ಬೆರೆಯುವುದರಿಂದ, ಮಳೆಗಾಲದಲ್ಲಿ ಅದು ಕಂದಾಗಿಯೂ ಉಳಿದ ದಿನಗಳಲ್ಲಿ ಹೆಚ್ಚಾಗಿ ಬೂದು ಬೆರೆತ ಹಸಿರಾಗಿಯೂ ಕಾಣುತ್ತದೆ. ಇಷ್ಟು ವರ್ಷ ನಾನು ಸೆರಾಮಿಕ್ ಟೈಲ್‌ಗಳ ಮೇಲೆ ಮೂಡಿಸುತ್ತ ಬಂದದ್ದು ಈ ಕಡಲನ್ನೇ: ಕೂರ್ಮಗಡ, ದೇವಗಡದ ದೀಪಸ್ತಂಭ, ಕಾಳಿ ಸಮುದ್ರ ಸೇರುವ ಅಳಿವೆ. ಸದಾಶಿವಗಡದ ಒಂದು ಮನೆಯವರು ತಮ್ಮ ಜಗುಲಿಯ ಒಳಗೋಡೆಗೆ ಲಕ್ಷದ್ವೀಪದ ಕಡಮತ್ ದ್ವೀಪದ ಲಗೂನಿನ, ಅಂದರೆ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ಕಡಲಿನ, ಚಿತ್ರ ಬೇಕೆಂದು ಕೇಳಿದಾಗ, ನನ್ನ ಬಳಿಯಿದ್ದ ಬಣ್ಣಗಳು ಮಾತ್ರವಲ್ಲ, ನನ್ನ ಕೆಲಸದ ಕ್ರಮವೇ ಆ ನೀರಿಗೆ ಒದಗುವುದಿಲ್ಲವೆಂದು ಅನ್ನಿಸಿತು. ಆ ಮನೆಯ ಹಿರಿಯರು ಹಡಗಿನಲ್ಲಿ ದುಡಿದವರು. ಅವರು ತೆಗೆದಿಟ್ಟಿದ್ದ ಛಾಯಾಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಎದುರಿಗೆ ಹರಡಿಕೊಂಡು, ಬಣ್ಣದ ಡಬ್ಬಿ ತೆರೆಯುವ ಮೊದಲು ಆ ನೀರು ಏಕೆ ಹಾಗೆ ಕಾಣುತ್ತದೆ ಎಂಬುದನ್ನು ಅರಿಯಲು ಕುಳಿತೆ.

ಕಡಮತ್ ನಮಗೆ ತೀರ ಪರಕೀಯವಾದ ಜಾಗವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳ ಗುಂಪು 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿತ್ತು, ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳು ಉಂಗುರದ ಆಕಾರದ ಹವಳದ ದಿಬ್ಬದ ಪೂರ್ವ ಅಂಚಿನಲ್ಲಿವೆ. ಲಗೂನು ಪಶ್ಚಿಮಕ್ಕೆ ಹರಡಿಕೊಂಡಿರುತ್ತದೆ. ಕಡಮತ್ ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಚಾಚಿದ, ಅಗಲ ಬಹಳ ಕಡಿಮೆಯಿರುವ ದ್ವೀಪ. ಅಲ್ಲಿ ನದಿಯಿಲ್ಲ, ಆದ್ದರಿಂದ ಹೂಳಿಲ್ಲ. ತಳದಲ್ಲಿರುವುದು ಹವಳ ಮತ್ತು ಚಿಪ್ಪುಗಳು ಪುಡಿಯಾಗಿ ಆದ ಬಿಳಿ ಮರಳು. ಬೆಳಕು ನೀರಿನೊಳಗೆ ಇಳಿಯುವಾಗ ಕೆಂಪು ಭಾಗವನ್ನು ನೀರು ಮೊದಲು ಹೀರಿಕೊಳ್ಳುತ್ತದೆ, ಉಳಿದದ್ದು ಬಿಳಿ ಮರಳಿಗೆ ತಾಗಿ ಮರಳಿ ಬರುತ್ತದೆ. ಮೊಣಕಾಲುದ್ದದ ನೀರು ಬಹುತೇಕ ಬಿಳಿಯಾಗಿಯೂ, ಆಳಾಳುದ್ದದ ನೀರು ಹಸಿರು ಬೆರೆತ ತಿಳಿನೀಲಿಯಾಗಿಯೂ, ದಿಬ್ಬದ ಆಚೆ ತಳವೇ ಕಾಣದ ಕಡಲು ಕಡುನೀಲಿಯಾಗಿಯೂ ಕಾಣುವುದಕ್ಕೆ ಕಾರಣ ಇಷ್ಟೇ. ಅಂದರೆ ಅಲ್ಲಿರುವುದು ಹಲವು ಬಣ್ಣಗಳಲ್ಲ. ಒಂದೇ ನೀರು, ಹಲವು ಆಳ.

ನನ್ನ ಕೆಲಸವೆಲ್ಲ ಈ ಒಂದು ಮಾತಿನಿಂದ ಹೊರಟಿತು. ಟೈಲ್ ಮೇಲೆ ಚಿತ್ರ ಬರೆಯುವ ಸುಲಭದ ದಾರಿಯೆಂದರೆ, ಕಾರ್ಖಾನೆಯ ಬಿಳಿ ಟೈಲ್‌ನ ಗ್ಲೇಜಿನ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪದ) ಮೇಲೆ ಓವರ್‌ಗ್ಲೇಜ್ ಬಣ್ಣ ಹಚ್ಚಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದು. ಇನ್ನೊಂದು, ತವರದ ಆಕ್ಸೈಡಿನಿಂದ ಬಿಳಿಯಾದ ಗ್ಲೇಜಿನ ಮೇಲೆ ಕುಂಚದಿಂದ ಬರೆದು ಸುಡುವ ಹಳೆಯ ಪೋರ್ಚುಗೀಸ್ ಅಜುಲೇಜೊ ದಾರಿ. ಪಣಜಿಯ ಮೆನೆಜೆಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶದ್ವಾರದ ಗೋಡೆಗಳಲ್ಲಿ 1935ರಲ್ಲಿ ಜಾರ್ಜ್ ಕೊಲಾಸೊ ರಚಿಸಿದ ನೀಲಿ ಫಲಕಗಳನ್ನು ನೋಡಿದವರಿಗೆ ಅದರ ಸೊಗಸು ಗೊತ್ತಿದೆ. ಕಾರವಾರದವರಿಗೆ ಪಣಜಿ ದೂರವೂ ಅಲ್ಲ. ಆದರೆ ಆ ಎರಡೂ ದಾರಿಗಳಲ್ಲಿ ಬಣ್ಣ ಮೇಲ್ಮೈಯಲ್ಲೇ ನಿಲ್ಲುತ್ತದೆ, ಬೆಳಕು ಒಳಗಿಳಿದು ಮರಳುವುದಿಲ್ಲ. ಹಡಗು, ಕುದುರೆ, ಮನುಷ್ಯರ ಮುಖ ಬರೆಯಲು ಅದು ಒಪ್ಪುತ್ತದೆ. ಲಗೂನಿಗೆ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನನಗೆ ಬೇಕಾದ ದಾರಿ ಫ್ರಾನ್ಸಿನದು. 1840ರ ದಶಕದಲ್ಲಿ ರುಬೆಲ್ ಎಂಬ ಊರಿನ ಕಾರ್ಖಾನೆಯಲ್ಲಿ ಎಮಾಯ್ ಓಂಬ್ರಾಂ ಎಂಬ ವಿಧಾನ ಬಳಕೆಗೆ ಬಂದಿತ್ತು. ಮಣ್ಣಿನಲ್ಲಿ ಚಿತ್ರವನ್ನು ತಗ್ಗುತಗ್ಗಾಗಿ ಕೊರೆದು, ಅದರ ಮೇಲೆ ಒಂದೇ ಬಣ್ಣದ ಪಾರದರ್ಶಕ ಗ್ಲೇಜ್ ತುಂಬುತ್ತಿದ್ದರು. ಗ್ಲೇಜ್ ಎಲ್ಲಿ ಆಳವಾಗಿ ನಿಲ್ಲುತ್ತದೋ ಅಲ್ಲಿ ಕಡುವಾಗಿ, ಎಲ್ಲಿ ತೆಳುವಾಗಿರುತ್ತದೋ ಅಲ್ಲಿ ತಿಳಿಯಾಗಿ ಕಾಣುತ್ತಿತ್ತು. ಅವರು ಅದನ್ನು ನೆರಳು–ಬೆಳಕಿನ ಚಿತ್ರಗಳಿಗೆ ಬಳಸಿದರು. ಲಗೂನಿನ ಮಟ್ಟಿಗೆ ಇದು ಬರಿಯ ತಂತ್ರವಲ್ಲ. ಟೈಲ್‌ನ ತಗ್ಗೇ ಲಗೂನಿನ ತಳವಾಗುತ್ತದೆ, ಗ್ಲೇಜೇ ನೀರಾಗುತ್ತದೆ.

ದ್ವೀಪವನ್ನೆಲ್ಲ ಅಳತೆಗೆ ಸರಿಯಾಗಿ ತೋರಿಸಿದರೆ ಅದು ಗೋಡೆಯ ಮೇಲೊಂದು ದಾರದೆಳೆಯಾಗಿ ಉಳಿಯುತ್ತಿತ್ತು. ಆದ್ದರಿಂದ ದಕ್ಷಿಣ ತುದಿಯನ್ನಷ್ಟೇ ಆರಿಸಿಕೊಂಡೆ. ಫಲಕದ ಅಳತೆ 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರ. 15 ಸೆಂಟಿಮೀಟರಿನ ಚೌಕ ಟೈಲ್‌ಗಳು 24. ಬಲ ಅಂಚಿನಲ್ಲಿ ತೆಂಗಿನ ಹಸಿರು, ಅಲ್ಲಿಂದ ಎಡಕ್ಕೆ ಮರಳು, ಲಗೂನು, ಹವಳದ ದಿಬ್ಬ, ಹೊರಗಡಲು. ಫಲಕದ ಬಹುಪಾಲು ನೀರೇ ಇರಬೇಕೆಂಬುದು ನನ್ನ ಹಟವಾಗಿತ್ತು, ಮನೆಯವರೂ ಒಪ್ಪಿದರು.

ಮಣ್ಣು ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಯ ಕೆಂಪು ಜೇಡಿ. ಟೈಲ್ ಸೊಟ್ಟಗಾಗದಿರಲು ಅದಕ್ಕೆ ಸುಟ್ಟ ಮಣ್ಣಿನ ತರಿಯನ್ನು ಬೆರೆಸಿದೆ. ಈ ಮಿಶ್ರಣ ಒಣಗಿ ಸುಡುವಷ್ಟರಲ್ಲಿ ನೂರಕ್ಕೆ 9ರಷ್ಟು ಕುಗ್ಗುತ್ತದೆ; ಹಾಗಾಗಿ ಹಸಿ ಟೈಲನ್ನು 16.5 ಸೆಂಟಿಮೀಟರಿಗೆ ಕತ್ತರಿಸಬೇಕು. ದಪ್ಪ 15 ಮಿಲಿಮೀಟರ್ ಇಟ್ಟೆ, ಏಕೆಂದರೆ ಅದರಲ್ಲಿ ಮೂರು ಮಿಲಿಮೀಟರಿನವರೆಗೆ ಕೊರೆಯುವುದಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮೂರಿನಲ್ಲಿ ಮಳೆಗಾಲದ ತೇವ ಟೈಲ್ ಕೆಲಸಕ್ಕೆ ಶತ್ರುವೆಂದು ಹಲವರು ಹೇಳುತ್ತಾರೆ. ನನ್ನ ಅನುಭವ ಬೇರೆ. ಚಪ್ಪಟೆ ಟೈಲ್ ಬಾಗುವುದು ಅಂಚು ಬೇಗ ಒಣಗಿ ನಡುಭಾಗ ಹಸಿಯಾಗಿ ಉಳಿದಾಗ. ಆಷಾಢದ ಗಾಳಿಯಲ್ಲಿ ಎರಡು ಹಲಗೆಗಳ ನಡುವೆ ಕಾಗದ ಹಾಕಿ ಇಟ್ಟ ಟೈಲ್ ನಿಧಾನವಾಗಿ, ಎಲ್ಲ ಕಡೆ ಸಮನಾಗಿ ಒಣಗುತ್ತದೆ. ಬೇಸಿಗೆಯಲ್ಲಿ ಅದೇ ಸಮತೆಗೆ ಪ್ಲಾಸ್ಟಿಕ್ ಹೊದಿಸಿ ಕಾಯಬೇಕಾಗುತ್ತದೆ.

ಮಣ್ಣು ಅರೆ ಒಣಗಿ, ಉಗುರು ಒತ್ತಿದರೆ ಗುರುತಷ್ಟೇ ಬೀಳುವ ಹದಕ್ಕೆ ಬಂದಾಗ 24 ಟೈಲ್‌ಗಳನ್ನೂ ಒಟ್ಟಿಗೆ ಜೋಡಿಸಿ ಕೊರೆಯಲು ತೊಡಗಿದೆ. ದಡದಲ್ಲಿ ಸೊನ್ನೆ, ಅಲ್ಲಿಂದ ಲಗೂನಿನ ನಡುವಿಗೆ ಹೋಗುವಷ್ಟರಲ್ಲಿ ಎರಡು ಮಿಲಿಮೀಟರ್. ಈ ಇಳಿಜಾರು ಕಣ್ಣಿಗೆ ಕಾಣದಷ್ಟು ನವಿರಾಗಿರಬೇಕು. ತಂತಿಯ ಕೊರೆಯುಳಿಯಿಂದ ತೆಗೆದ ಮೇಲೆ ಹಸಿ ಸ್ಪಂಜಿನಿಂದ ಒರೆಸುತ್ತ, ಬೆರಳಿನಿಂದಲೇ ಏರಿಳಿತವನ್ನು ಅಳೆಯಬೇಕು. ದಿಬ್ಬದಲ್ಲಿ ಮತ್ತೆ ಮೇಲಕ್ಕೆ. ದಿಬ್ಬದ ಆಚೆಗೆ ಮಾತ್ರ ನೇರ ಕಡಿತ, ಏಕೆಂದರೆ ಹವಳದ ದಿಬ್ಬದ ಹೊರಮೈ ಕಡಿದಾಗಿ ಆಳಕ್ಕಿಳಿಯುತ್ತದೆ; ಆ ಗೆರೆ ಮೆದುವಾದರೆ ಅದು ಲಗೂನಾಗದೆ ಯಾವುದೋ ಕೊಲ್ಲಿಯಾಗಿಬಿಡುತ್ತದೆ.

ಕೊರೆದ ಮೇಲೆ ಬಿಳಿ ಜೇಡಿಯ ತೆಳುಲೇಪ. ಕೆಂಪು ಮಣ್ಣಿನ ಮೇಲೆ ಪಾರದರ್ಶಕ ನೀಲಿ ನಿಂತರೆ ಕೊಳಕು ಹಸಿರಾಗುತ್ತದೆ, ಹಾಗಾಗಿ ಬಿಳಿ ಮರಳಿನ ಕೆಲಸವನ್ನು ಈ ಲೇಪ ಮಾಡಬೇಕು. ಆದರೆ ಅದೇ ಕೊಳಕು ಹಸಿರು ಇನ್ನೊಂದು ಕಡೆ ಬೇಕಾಗಿತ್ತು. ಲಗೂನಿನ ನಡುವೆ ಅಲ್ಲಲ್ಲಿ ಹವಳದ ಗುಪ್ಪೆಗಳೂ ಕಡಲಹುಲ್ಲಿನ ಹಾಸೂ ಕಪ್ಪಗೆ ಕಾಣುತ್ತವೆ. ಆ ಜಾಗಗಳಲ್ಲೂ ದಿಬ್ಬದ ಉದ್ದಕ್ಕೂ ಬಿಳಿ ಲೇಪವನ್ನು ಮೊನಚು ಕಡ್ಡಿಯಿಂದ ಕೆರೆದು, ಕೆಳಗಿನ ಕೆಂಪು ಮಣ್ಣು ಚುಕ್ಕಿಚುಕ್ಕಿಯಾಗಿ ಕಾಣುವಂತೆ ಬಿಟ್ಟೆ. ಇಡೀ ಫಲಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಹವಳಕ್ಕೆಂದು ಬೇರೆ ಬಣ್ಣವನ್ನೇ ಹಚ್ಚಲಿಲ್ಲ.

ಇನ್ನು ಗ್ಲೇಜ್. ತಾಮ್ರ ಸೀಸದ ಗ್ಲೇಜಿನಲ್ಲಿ ಎಲೆಹಸಿರು ಕೊಡುತ್ತದೆ, ಸೋಡಾ ಹೆಚ್ಚಿರುವ ಕ್ಷಾರದ ಗ್ಲೇಜಿನಲ್ಲಿ ಲಗೂನಿನ ಹಸಿರುನೀಲಿ ಕೊಡುತ್ತದೆ. ಪ್ರಾಚೀನ ಈಜಿಪ್ಟಿನ ನೀಲಿ ಮಣಿಗಳ ಗುಟ್ಟೂ ಇದೇ. ಸೋಡಾವನ್ನು ನೇರವಾಗಿ ಹಾಕಿದರೆ ನೀರಿನಲ್ಲಿ ಕರಗಿಹೋಗುತ್ತದೆ; ಆದ್ದರಿಂದ ಅದನ್ನು ಮೊದಲೇ ಗಾಜಾಗಿಸಿ ಪುಡಿ ಮಾಡಿದ ಫ್ರಿಟ್ ಬೇಕು. ನನ್ನ ಮಿಶ್ರಣದಲ್ಲಿ ಸೋಡಾ ಫ್ರಿಟ್ 80 ಭಾಗ, ಚೀನಿ ಜೇಡಿ 10, ಕ್ವಾರ್ಟ್ಸ್ ಪುಡಿ 10, ಅದಕ್ಕೆ ಮೇಲಾಗಿ ತಾಮ್ರದ ಕಾರ್ಬೊನೇಟ್ 2. ಜೇಡಿ ಹೆಚ್ಚಿದಷ್ಟೂ ಬಣ್ಣ ಹಸಿರಿನತ್ತ ವಾಲುತ್ತದೆ. ಜೇಡಿ ಕಡಿಮೆಯಾದರೆ ಪುಡಿ ಬಕೆಟ್ಟಿನ ತಳಕ್ಕೆ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಬೆಂಟೊನೈಟ್ ಎಂಬ ಅತಿ ನುಣುಪಾದ ಜೇಡಿಯನ್ನು 2 ಭಾಗ ಸೇರಿಸಿದೆ. ಹೊರಗಡಲಿಗೆ ಇದೇ ಗ್ಲೇಜಿಗೆ ಅರ್ಧ ಭಾಗ ಕೋಬಾಲ್ಟ್ ಕಾರ್ಬೊನೇಟ್ ಸಾಕು. ಕೋಬಾಲ್ಟಿನಷ್ಟು ಬಲವಾದ ಬಣ್ಣ ಮತ್ತೊಂದಿಲ್ಲ. ಈ ಪುಡಿಗಳನ್ನು ಕಲಸುವಾಗ ಮೂಗು–ಬಾಯಿಗೆ ಸರಿಯಾದ ಮಾಸ್ಕ್ ಕಡ್ಡಾಯ. ಕ್ವಾರ್ಟ್ಸಿನ ನುಣುಪು ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.

ಮೊದಲ ಸುಡುವಿಕೆ 1000 ಡಿಗ್ರಿಯಲ್ಲಿ. ಆಮೇಲೆ ರಬ್ಬರ್ ಬುಡ್ಡಿಯಿಂದ ಗ್ಲೇಜನ್ನು ಹಂತಹಂತವಾಗಿ ತಗ್ಗುಗಳಿಗೆ ತುಂಬಿದೆ. ಒಣಪುಡಿಯ ಪದರ ಕರಗಿದಾಗ ದಪ್ಪ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಆಳವಿದ್ದ ಕಡೆ ಅಂಚಿಗಿಂತ ಮೇಲಕ್ಕೆ ಏರಿಸಿ ತುಂಬಬೇಕು. ಗ್ಲೇಜ್ ಪಕ್ಕಕ್ಕೆ ಹರಿದುಹೋಗದಂತೆ ಪ್ರತಿ ಟೈಲ್‌ನ ಸುತ್ತ ಒಂದು ಮಿಲಿಮೀಟರಿನ ತೆಳು ಅಂಚು ಉಳಿಸಿದ್ದೆ. ಎರಡನೆಯ ಸುಡುವಿಕೆ 1040 ಡಿಗ್ರಿಯಲ್ಲಿ, ಟೈಲ್‌ಗಳನ್ನು ಮಟ್ಟಗೋಲಿಟ್ಟು ನೋಡಿ ಅಡ್ಡಡ್ಡ ಮಲಗಿಸಿ. ಇದಕ್ಕೆ ವಿದ್ಯುತ್ ಭಟ್ಟಿಯೇ ಮೇಲು: ಹೊಗೆ ತುಂಬಿ ಗಾಳಿ ಸಾಲದೆಹೋದ ಕಟ್ಟಿಗೆಯ ಆವಿಗೆಯಲ್ಲಿ ತಾಮ್ರ ಕೆಂಪಿಗೆ ತಿರುಗಬಹುದು. ಇಳಿಯುವಾಗ 573 ಡಿಗ್ರಿಯ ಸುತ್ತ ಕ್ವಾರ್ಟ್ಸ್ ಒಮ್ಮೆಲೇ ಕುಗ್ಗುವುದರಿಂದ ಅಲ್ಲಿ ತಣಿಸುವಿಕೆ ಬಹಳ ನಿಧಾನವಾಗಿರಬೇಕು. ಆತುರದಿಂದ ಮುಚ್ಚಳ ತೆರೆದರೆ ಟೈಲ್ ಸೀಳುತ್ತದೆ.

ಸೋಡಾ ಗ್ಲೇಜ್ ತಣಿದಾಗ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ, ಆದ್ದರಿಂದ ಅದರಲ್ಲಿ ಕೂದಲೆಳೆಯ ಬಿರುಕುಗಳ ಬಲೆ ಮೂಡಿಯೇ ಮೂಡುತ್ತದೆ. ತಟ್ಟೆ–ಬಟ್ಟಲಿನಲ್ಲಿ ಅದು ದೋಷ. ಇಲ್ಲಿ ನಾನು ಅದನ್ನು ಬಯಸಿಯೇ ಉಳಿಸಿಕೊಂಡೆ: ತೆಳುನೀರಿನ ತಳದ ಮರಳಿನ ಮೇಲೆ ಬಿಸಿಲು ಹೆಣೆಯುವ ಬೆಳಕಿನ ಜಾಲವನ್ನು ಯಾವ ಕುಂಚವೂ ಇಷ್ಟು ಸಹಜವಾಗಿ ಬರೆಯಲಾರದು. ದಿಬ್ಬದ ಮೇಲೆ ಒಡೆಯುವ ತೆರೆಯ ಬಿಳಿ ಗೆರೆಗೆ ಮಾತ್ರ ಜಿರ್ಕಾನ್ ಬೆರೆಸಿದ ಅಪಾರದರ್ಶಕ ಗ್ಲೇಜ್ ಬಳಸಿದೆ, ಏಕೆಂದರೆ ನೊರೆಯೊಳಕ್ಕೆ ನೋಟ ಇಳಿಯಬಾರದು.

ಬಿರುಕಿರುವ ಗ್ಲೇಜಿನೊಳಗೆ ನೀರು ಇಳಿಯುವುದರಿಂದ ಇಂಥ ಫಲಕವನ್ನು ಮಳೆ ಬಡಿಯುವ ಹೊರಗೋಡೆಗೆ ನಾನು ಕೊಡುವುದಿಲ್ಲ. ಸದಾಶಿವಗಡದ ಮನೆಯದು ಚಿರೇಕಲ್ಲಿನ ಗೋಡೆ, ಮಳೆಗಾಲವಿಡೀ ತೇವ ಹೀರುವಂಥದು. ಹಾಗಾಗಿ ಟೈಲ್‌ಗಳನ್ನು ನೇರ ಗೋಡೆಗೆ ಅಂಟಿಸದೆ ಸಿಮೆಂಟ್ ಬೋರ್ಡಿಗೆ ಅಂಟಿಸಿ, ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂಗಳಿಂದ ನಿಲ್ಲಿಸಿದೆವು. ಸಂದುಗಳಿಗೆ ತಿಳಿಬೂದಿ ಗ್ರೌಟ್. ಬೆಳಕು ಎದುರಿನಿಂದ ಬಿದ್ದರೆ ಹೊಳಪಷ್ಟೇ ಕಾಣುತ್ತದೆ. ಪಕ್ಕದ ಕಿಟಕಿಯಿಂದ ಓರೆಯಾಗಿ ಬಿದ್ದಾಗ ತಳದ ಇಳಿಜಾರು ಕಾಣುತ್ತದೆ, ಆದ್ದರಿಂದ ಜಾಗವನ್ನು ಕಿಟಕಿ ನೋಡಿ ಗೊತ್ತುಮಾಡಿದೆ. ಮನೆಯವರಿಗೆ ಹೇಳಿ ಬಂದದ್ದು ಎರಡೇ ಮಾತು: ಬಚ್ಚಲಿನ ಟೈಲ್ ತೊಳೆಯುವ ಆಸಿಡ್ ಇದಕ್ಕೆ ತಾಗಬಾರದು, ಏಕೆಂದರೆ ಕ್ಷಾರದ ಗ್ಲೇಜನ್ನು ಆಮ್ಲ ತಿನ್ನುತ್ತದೆ; ಮತ್ತು ಇದೇ ಬಣ್ಣದಲ್ಲಿ ಊಟದ ತಟ್ಟೆ ಮಾಡಿಕೊಡಿರೆಂದು ಯಾರು ಕೇಳಿದರೂ ನಾನು ಮಾಡಿಕೊಡುವುದಿಲ್ಲ, ಹುಳಿ ತಾಗಿದರೆ ಈ ಗ್ಲೇಜಿನಿಂದ ತಾಮ್ರ ಅನ್ನಕ್ಕೆ ಇಳಿಯುತ್ತದೆ.