ಹಳೇ ಓಮ್ನಿಯ ಇಗ್ನಿಷನ್ ಸ್ವಿಚ್ ಹೋಗಿದ್ರೆ ನೀವೇ ಬದಲಿಸುವುದು ಹೇಗೆ

ನಮ್ಮ ಮನೆಯಲ್ಲಿರುವುದು 1992ರ ಓಮ್ನಿ. ಕಾರ್ಬುರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಅಪ್ಪ ಇದರಲ್ಲಿ ತೆಂಗಿನಕಾಯಿ ಮೂಟೆಯಿಂದ ಹಿಡಿದು ಅಕ್ಕನ ಮದುವೆಯ ಪಾತ್ರೆಗಳವರೆಗೆ ಏನೆಲ್ಲ ಸಾಗಿಸಿದ್ದಾರೆ ಅನ್ನೋದಕ್ಕೆ ಲೆಕ್ಕವಿಲ್ಲ. ಹೋದ ಮಳೆಗಾಲದಲ್ಲಿ ತಿಪಟೂರಿನಲ್ಲಿ ಗಾಡಿ ನಿಲ್ಲಿಸಿ, ವಾಪಸ್ ಬಂದು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಲೇ ಇಲ್ಲ. ಡ್ಯಾಶ್‌ಬೋರ್ಡ್ ದೀಪ ಉರಿಯುತ್ತಿತ್ತು, ಹಾರ್ನ್ ಕೂಡ ಜೋರಾಗಿತ್ತು. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿದೆವು. ಮಾರನೇ ದಿನ ತೋರಿಸಿದ ಗ್ಯಾರೇಜಿನಲ್ಲಿ "ಪೂರ್ತಿ ಲಾಕ್ ಸೆಟ್ ಹೋಗಿದೆ, ಬಾಗಿಲಿನದೂ ಸೇರಿಸಿ ಬದಲಿಸಬೇಕು" ಅಂದರು. ಅದು ಬೇಕಾಗಿರಲೇ ಇಲ್ಲ. ಹಾಳಾಗಿದ್ದದ್ದು ಲಾಕ್ ಅಲ್ಲ, ಅದರ ಬೆನ್ನಿಗೆ ಅಂಟಿಕೊಂಡ ಸಣ್ಣ ಸ್ವಿಚ್.

ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಕೀ ಹಾಕುವ ಜಾಗದಲ್ಲಿ ಎರಡು ವಸ್ತು ಇರುತ್ತವೆ. ಮುಂದಿರುವುದು ಲಾಕ್. ಕೀ ಒಳಗೆ ಹೋಗುವ ಬ್ಯಾರಲ್ ಮತ್ತು ಸ್ಟೀರಿಂಗ್ ಹಿಡಿದು ನಿಲ್ಲಿಸುವ ಪಿನ್ ಎರಡೂ ಇದರಲ್ಲೇ ಇರುತ್ತವೆ. ಹಿಂದಿರುವುದು ಸ್ವಿಚ್. ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ, ಅದರೊಳಗೆ ತಾಮ್ರದ ಪಾಯಿಂಟುಗಳು, ಅಲ್ಲಿಂದ ಹೊರಟ ವೈರು, ವೈರಿನ ಕೊನೆಗೆ ಕಪ್ಲರ್, ಅಂದರೆ ಗಾಡಿಯ ವೈರಿಂಗಿಗೆ ಸೇರಿಸುವ ಪ್ಲಗ್. ಕೀ ಒಳಗೇ ಹೋಗದಿದ್ದರೆ, ಹೋದರೂ ತಿರುಗದಿದ್ದರೆ, ತೊಂದರೆ ಲಾಕಿನದು. ಕೀ ಸಲೀಸಾಗಿ ತಿರುಗುತ್ತದೆ ಆದರೆ ಕರೆಂಟ್ ಬರೋದಿಲ್ಲ, ಕೀ ಅಲ್ಲಾಡಿಸಿದರೆ ದೀಪ ಹೋಗಿ ಬರುತ್ತದೆ, ಸೆಲ್ಫ್ ಹೊಡೆಯುವಾಗ ಎಂಜಿನ್ ಹಿಡಿದು ಕೀ ಬಿಟ್ಟ ತಕ್ಷಣ ಆಫ್ ಆಗುತ್ತದೆ ಅಂದರೆ ಸ್ವಿಚ್ ಮೇಲೆ ಅನುಮಾನ ಪಡಿ. ಇನ್ನೊಂದು ಲಕ್ಷಣವಿದೆ, ಅದು ಬಂದರೆ ಒಂದು ದಿನವೂ ಕಾಯಬೇಡಿ. ಕೀ ಬಿಟ್ಟರೂ ಅದು ಸ್ಟಾರ್ಟಿನಿಂದ ಆನ್‌ಗೆ ತಾನಾಗಿ ವಾಪಸ್ ಬರೋದಿಲ್ಲ. ಆಗ ಎಂಜಿನ್ ಓಡುತ್ತಿರುವಾಗಲೂ ಸೆಲ್ಫ್ ಮೋಟರ್ ತಿರುಗುತ್ತಲೇ ಇರುತ್ತದೆ, ಸುಟ್ಟುಹೋಗುತ್ತದೆ.

ಪಾರ್ಟ್ ತರುವ ಮುಂಚೆ ಅಳತೆ ಮಾಡಿ. ಸ್ಟಾರ್ ಸ್ಕ್ರೂ ಡ್ರೈವರ್, ಚಪ್ಪಟೆ ಸ್ಕ್ರೂ ಡ್ರೈವರ್, 10ರ ಸ್ಪ್ಯಾನರ್, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಮೊದಲು ಗಾಡಿ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಈ ಕೆಲಸದ ನಡುವೆ ಸೆಲ್ಫ್ ಯಾವಾಗ ಬೇಕಾದರೂ ಹೊಡೆಯಬಹುದು, ಗೇರಿನಲ್ಲಿದ್ದರೆ ಗಾಡಿ ಜಿಗಿಯುತ್ತದೆ. ಆಮೇಲೆ ಸ್ಟೀರಿಂಗ್ ಕಾಲಮ್ ಸುತ್ತ ಇರುವ ಪ್ಲಾಸ್ಟಿಕ್ ಕವರ್ ಬಿಚ್ಚಿ. ಸ್ಕ್ರೂಗಳು ಕೆಳಗಿನಿಂದ ಹಾಕಿರುತ್ತವೆ. ಸ್ಟೀರಿಂಗ್ ಚಕ್ರ ಬಿಚ್ಚುವ ಅಗತ್ಯವಿಲ್ಲ. ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ ಹಪ್ಪಳದಂತಾಗಿರುತ್ತದೆ, ಜೋರು ಮಾಡಿದರೆ ಸ್ಕ್ರೂ ಕೂರುವ ಜಾಗವೇ ಕಿತ್ತು ಬರುತ್ತದೆ.

ಈಗ ಕಪ್ಲರ್ ಹಾಕಿದ ಹಾಗೇ ಬಿಟ್ಟು, ವೈರು ಬರುವ ಹಿಂಬದಿಯಿಂದ ಮೀಟರ್ ಕಡ್ಡಿ ತೂರಿಸಿ ನೋಡಿ. ಕಪ್ಪು ಕಡ್ಡಿಗೆ ಒಳ್ಳೆ ಅರ್ತ್ ಕೊಡಿ, ಅಂದರೆ ಗಾಡಿ ಬಾಡಿಯ ಬಣ್ಣವಿಲ್ಲದ ಕಬ್ಬಿಣಕ್ಕೆ ತಾಗಿಸಿ. ಸುಜುಕಿ ವೈರಿಂಗಿನಲ್ಲಿ ಬಿಳಿ ವೈರು ಬ್ಯಾಟರಿಯಿಂದ ಬರುವುದು, ಕಪ್ಪಿನ ಮೇಲೆ ಬಿಳಿ ಗೆರೆ ಇರುವುದು ಇಗ್ನಿಷನ್‌ಗೆ, ಕಪ್ಪಿನ ಮೇಲೆ ಹಳದಿ ಗೆರೆ ಇರುವುದು ಸೆಲ್ಫ್‌ಗೆ. ಆದರೆ ಮೂವತ್ತು ವರ್ಷದ ಗಾಡಿಯಲ್ಲಿ ಎಷ್ಟು ಕೈ ಆಡಿದೆಯೋ, ಸ್ಟೀರಿಯೋ ಹಾಕಿದವರು, ರಿವರ್ಸ್ ಹಾರ್ನ್ ಹಾಕಿದವರು ಎಲ್ಲರೂ ಸಿಕ್ಕ ಬಣ್ಣದ ವೈರು ಸೇರಿಸಿರುತ್ತಾರೆ. ಅದಕ್ಕೇ ಬಣ್ಣ ನಂಬಬೇಡಿ, ಮೀಟರ್ ನಂಬಿ. ಕೀ ತೆಗೆದಿದ್ದಾಗಲೂ 12 ವೋಲ್ಟ್ ತೋರಿಸುವುದು ಬ್ಯಾಟರಿ ವೈರು. ಕೀ ಸ್ಟಾರ್ಟಿಗೆ ತಿರುಗಿಸಿ ಹಿಡಿದಾಗ ಸೆಲ್ಫ್ ವೈರಿಗೆ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ಬಂದರೂ ಸೆಲ್ಫ್ ಹೊಡೆಯದಿದ್ದರೆ ಸ್ವಿಚ್ ಸರಿಯಿದೆ, ಸೊಲೆನಾಯ್ಡ್ (ಸೆಲ್ಫ್ ಮೋಟರಿನ ಮೇಲಿದ್ದು ಅದಕ್ಕೆ ಕರೆಂಟ್ ಬಿಡುವ ಭಾಗ) ಕಡೆ ನೋಡಿ. ಒಳಗೆ ಬರುವ ಕರೆಂಟ್ ಹೊರಗೆ ಹೋಗದಿದ್ದರೆ ಸ್ವಿಚ್ ಸತ್ತಿದೆ.

ಪೂರ್ತಿ ಸಾಯದೆ ಅರೆಜೀವದಲ್ಲಿರುವ ಸ್ವಿಚ್ ಹಿಡಿಯಲು ಒಂದು ದಾರಿಯಿದೆ. ಕೀ ಆನ್ ಮಾಡಿ, ವೈಪರ್ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ವೈರಿಗೆ, ಇನ್ನೊಂದು ಇಗ್ನಿಷನ್ ವೈರಿಗೆ ಇಡಿ. ಪಾಯಿಂಟ್ ಚೆನ್ನಾಗಿದ್ದರೆ ಹತ್ತಿರ ಹತ್ತಿರ ಸೊನ್ನೆ ತೋರಿಸುತ್ತದೆ. ಅರ್ಧ ವೋಲ್ಟ್ ದಾಟಿದರೆ ಅಷ್ಟು ವೋಲ್ಟೇಜ್ ಸ್ವಿಚ್ಚಿನೊಳಗೇ ಬಿಸಿಯಾಗಿ ಹೋಗುತ್ತಿದೆ ಅಂತ ಅರ್ಥ. ನನ್ನ ಗಾಡಿಯಲ್ಲಿ 1.8 ವೋಲ್ಟ್ ಇತ್ತು. ಎಂಜಿನ್ ಓಡದಿರುವಾಗ ಇಗ್ನಿಷನ್ ಜಾಸ್ತಿ ಹೊತ್ತು ಆನ್ ಬಿಡಬೇಡಿ, ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್ ಬಿಸಿಯಾಗುತ್ತದೆ.

ಸ್ವಿಚ್ಚೇ ಅಂತ ಖಾತ್ರಿಯಾದ ಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಇದನ್ನು ಮರೆಯಲೇಬೇಡಿ, ಆ ಬಿಳಿ ವೈರಿನಲ್ಲಿ ಕರೆಂಟ್ ಯಾವಾಗಲೂ ಇರುತ್ತದೆ, ಕಬ್ಬಿಣಕ್ಕೆ ತಾಗಿದರೆ ಕಿಡಿ ಗ್ಯಾರಂಟಿ. ಕಪ್ಲರ್ ಬಿಡಿಸುವಾಗ ವೈರು ಹಿಡಿದು ಎಳೆಯದೆ ನಾಲಿಗೆ ಒತ್ತಿ ಬಿಡಿಸಿ. ಸ್ವಿಚ್ ಡಬ್ಬಿಯನ್ನು ಲಾಕಿನ ಹಿಂದೆ ಸಣ್ಣ ಸ್ಕ್ರೂ ಹಿಡಿದಿರುತ್ತದೆ. ಇಕ್ಕಟ್ಟಿನ ಜಾಗ. ಮೋಟು ಸ್ಕ್ರೂ ಡ್ರೈವರ್ ಇದ್ದರೆ ಸುಲಭ. ತುಕ್ಕು ಹಿಡಿದಿದ್ದರೆ ಒಂದು ಹನಿ ಎಣ್ಣೆ ಬಿಟ್ಟು ಟೀ ಕುಡಿದು ಬನ್ನಿ.

ನಾನು ಹಳೇ ಸ್ವಿಚ್ಚನ್ನು ಸುಮ್ನೆ ಎಸೆಯದೆ ಬಿಚ್ಚಿ ನೋಡಿದೆ. ಒಳಗಿನ ಗ್ರೀಸ್ ಗಟ್ಟಿಯಾಗಿ ಕಪ್ಪಗೆ ಕಾಡಿಗೆಯಂತಾಗಿತ್ತು. ಸ್ಟಾರ್ಟ್ ಪಾಯಿಂಟಿನ ತಾಮ್ರದಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿತ್ತು, ಅದರ ಸುತ್ತ ಪ್ಲಾಸ್ಟಿಕ್ ಕರಗಿ ಒಂದು ಪಕ್ಕಕ್ಕೆ ಇಳಿದಿತ್ತು. ಪಕ್ಕದಲ್ಲಿದ್ದ ಇಗ್ನಿಷನ್ ಪಾಯಿಂಟ್ ಕೂಡ ಕಪ್ಪಾಗಿತ್ತು. ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಸೇರಲು ಸರಿ, ಅದಕ್ಕಿಂತ ಹೆಚ್ಚು ದಿನ ನಂಬಬೇಡಿ.

ಹೊಸದು ತರುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಈ ವ್ಯಾನ್ 1984ರಲ್ಲಿ ಬಂದು 2019ರವರೆಗೆ ತಯಾರಾದದ್ದು, ಇಷ್ಟು ವರ್ಷದಲ್ಲಿ ಕಪ್ಲರ್ ಒಂದೇ ತರ ಇರೋದಿಲ್ಲ. ಪಿನ್ ಎಷ್ಟು, ಯಾವ ಜಾಗದಲ್ಲಿ ಯಾವ ವೈರು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂಗಡಿಯಲ್ಲಿ "ಲಾಕ್ ಸೆಟ್ ಅಲ್ಲ, ಹಿಂದಿನ ಸ್ವಿಚ್ ಮಾತ್ರ" ಅಂತ ಬಿಡಿಸಿ ಹೇಳಿ. ನಮ್ಮೂರಲ್ಲಿ ನನಗೆ ಮೊದಲು ಸಿಕ್ಕಿದ್ದು ಡೂಪ್ಲಿಕೇಟ್. ವೈರು ನೂಲಿನ ಹಾಗಿತ್ತು, ತಿರುಗಿಸಿದರೆ ಟಕ್ ಅನ್ನೋ ಹಿಡಿತವೇ ಇರಲಿಲ್ಲ. ವಾಪಸ್ ಕೊಟ್ಟು, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಒಳ್ಳೆಯದು ತಂದೆ.

ತಂದ ತಕ್ಷಣ ಸ್ಕ್ರೂ ಹಾಕಬೇಡಿ. ಕಪ್ಲರ್ ಮಾತ್ರ ಸೇರಿಸಿ, ಬ್ಯಾಟರಿ ಮೈನಸ್ ಕೊಟ್ಟು, ಸ್ವಿಚ್ಚನ್ನು ಕೈಯಲ್ಲಿ ಹಿಡಿದು ಅದರ ಸೀಳಿಗೆ ಚಪ್ಪಟೆ ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸಿ. ಒಂದೊಂದೇ ಹಂತ ನೋಡಿ. ಆನ್‌ನಲ್ಲಿ ಆಯಿಲ್ ದೀಪ ಬಂತಾ, ಸ್ಟಾರ್ಟಿನಲ್ಲಿ ಸೆಲ್ಫ್ ಹೊಡೀತಾ, ಕೈ ಬಿಟ್ಟರೆ ಸ್ಪ್ರಿಂಗ್ ತಾನಾಗಿ ವಾಪಸ್ ತಂತಾ. ಎಲ್ಲ ಸರಿಯಿದ್ದರೆ ಮತ್ತೆ ಮೈನಸ್ ಬಿಚ್ಚಿ ಕೂರಿಸಿ. ಲಾಕ್, ಸ್ವಿಚ್ ಎರಡೂ ಆಫ್‌ನಲ್ಲಿರಬೇಕು. ಲಾಕಿನ ಹಿಂದಿರುವ ನಾಲಿಗೆ ಸ್ವಿಚ್ಚಿನ ಸೀಳಿಗೆ ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಒತ್ತಬೇಡಿ, ಒಂದು ಹಂತ ಆಚೀಚೆ ಆಗಿರುತ್ತದೆ, ಸ್ಕ್ರೂ ಡ್ರೈವರಿನಲ್ಲಿ ಸರಿಮಾಡಿ.

ನಿಜವಾಗಿ ಲಾಕೇ ಹೋಗಿದ್ದರೆ ಕೆಲಸ ದೊಡ್ಡದು. ಅದನ್ನು ಕಾಲಮ್‌ಗೆ ಹಿಡಿದಿರುವ ಬೋಲ್ಟಿಗೆ ತಲೆ ಇರೋದಿಲ್ಲ. ಕಳ್ಳರು ಬಿಚ್ಚಬಾರದು ಅಂತ ಬಿಗಿ ಮಾಡುವಾಗ ತಲೆ ಮುರಿದು ಬೀಳುವ ಹಾಗೇ ಮಾಡಿರುತ್ತಾರೆ. ಚೂಪು ಪಂಚ್ ಇಟ್ಟು ಅಂಚಿನಲ್ಲಿ ಎಡಕ್ಕೆ ಸಣ್ಣಗೆ ಹೊಡೆದು ತಿರುಗಿಸಬೇಕು, ಬಗ್ಗದಿದ್ದರೆ ನಡುವೆ ಡ್ರಿಲ್ ಹಾಕಿ ತೆಗೆಯಬೇಕು. ಡ್ರಿಲ್ ಅಭ್ಯಾಸವಿಲ್ಲದವರು ಇಷ್ಟನ್ನು ಮಾತ್ರ ಮೆಕ್ಯಾನಿಕ್‌ಗೆ ಕೊಡಿ. ಬ್ಯಾರಲ್ ಸಡಿಲ ಇರುವ ಗಾಡಿಯನ್ನು ದಯವಿಟ್ಟು ರಸ್ತೆಗೆ ತರಬೇಡಿ. ಓಡುವಾಗ ಸ್ಟೀರಿಂಗ್ ಪಿನ್ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ.

ಇನ್ನು ಪಾಯಿಂಟ್ ಯಾಕೆ ಸುಟ್ಟಿತು? ಈ ಗಾಡಿಗಳಲ್ಲಿ ಸೊಲೆನಾಯ್ಡ್ ಎಳೆಯುವ ಕರೆಂಟ್ ಪೂರ್ತಿ ಕೀ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಸೆಲ್ಫ್ ಮೋಟರ್ ಹಳತಾದಷ್ಟೂ ಸ್ವಿಚ್ಚಿಗೆ ಭಾರ ಜಾಸ್ತಿ. ಅದಕ್ಕೆ ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ಒಂದನ್ನು ಹಾಕಿಬಿಡಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ಪಿನ್ ನಂಬರ್ ಅದರ ಮೇಲೇ ಇರುತ್ತದೆ. ಸೊಲೆನಾಯ್ಡ್‌ಗೆ ಬರುತ್ತಿದ್ದ ಸೆಲ್ಫ್ ವೈರನ್ನು ಅಲ್ಲಿಂದ ಬಿಡಿಸಿ ರಿಲೇಯ 86ನೇ ಪಿನ್ನಿಗೆ ಕೊಡಿ. 85 ಅರ್ತ್‌ಗೆ. 30ಕ್ಕೆ ಬ್ಯಾಟರಿ ಪ್ಲಸ್‌ನಿಂದ ದಪ್ಪ ವೈರು, ನಡುವೆ 30 ಆಂಪಿಯರ್ ಫ್ಯೂಸ್, ಬ್ಯಾಟರಿಗೆ ಹತ್ತಿರದಲ್ಲೇ. 87ರಿಂದ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ. ಈಗ ಕೀ ಸ್ವಿಚ್ಚಿನ ಸ್ಟಾರ್ಟ್ ಪಾಯಿಂಟ್ ದಾಟುವುದು ರಿಲೇ ಕಾಯಿಲಿಗೆ ಬೇಕಾದ ಅತಿ ಸಣ್ಣ ಕರೆಂಟ್ ಮಾತ್ರ. ರಿಲೇ ಮೇಲೆ ನೀರು ಎರಚದ ಜಾಗ ನೋಡಿ ಕಟ್ಟಿ, ಪಿನ್ನುಗಳು ಕೆಳಮುಖವಾಗಿರಲಿ.

ಎಲ್ಲ ಮುಗಿದ ಮೇಲೆ ಕವರ್ ಹಾಕುವ ಮುಂಚೆ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ಒಮ್ಮೆ ತಿರುಗಿಸಿ, ವೈರು ಎಲ್ಲೂ ಸಿಕ್ಕಿಹಾಕಿಕೊಳ್ಳುತ್ತಿಲ್ಲ ಅಂತ ನೋಡಿಕೊಳ್ಳಿ. ಹಾಗೇ ಮನೆ ಕೀ, ಅಂಗಡಿ ಕೀ, ಪಂಪ್‌ಸೆಟ್ ರೂಮಿನ ಕೀ ಎಲ್ಲ ಸೇರಿಸಿದ ಗೊಂಚಲಿನಿಂದ ಗಾಡಿ ಕೀಯನ್ನು ಬೇರೆ ಮಾಡಿ. ಆ ಭಾರ ನೇತಾಡಿ ನೇತಾಡಿ ಬ್ಯಾರಲ್ ಸವೆಯುತ್ತದೆ. ಅಪ್ಪನ ಗೊಂಚಲಿನಲ್ಲಿ ಹನ್ನೊಂದು ಕೀ ಇದ್ದವು. ಈಗ ಓಮ್ನಿಯದು ಒಂದು ದಾರಕ್ಕೆ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ.