236 ಅಂತ ಬರೆದರೆ ಕೈ ಎತ್ತ ಹೋಗಬೇಕು?

ಮಂಡ್ಯದಲ್ಲಿರುವ ಅಕ್ಕನ ಮಗ ಸ್ಟ್ರೀಟ್ ಫೈಟರ್ ಅನ್ನುವ ಹೊಡೆದಾಟದ ವಿಡಿಯೋ ಗೇಮ್ ಆಡುತ್ತಾನೆ, ಮೊನ್ನೆ ಫೋನ್ ಮಾಡಿದ್ದ. "ಮಾವ, 236 ಒತ್ತಿದರೆ ಹಡೋಕೆನ್ ಬರಲ್ಲ, ರ‍್ಯು ಸುಮ್ನೆ ನೆಗೀತಾನೆ. ಗೇಮೇ ಕೆಟ್ಟಿದ್ಯಾ?" ಹಡೋಕೆನ್ ಎಂದರೆ ಆ ಗೇಮಿನ ರ‍್ಯು ಎಂಬ ಪಾತ್ರ ಕೈಯಿಂದ ಎಸೆಯುವ ಶಕ್ತಿಯ ಉಂಡೆ; ಅದಕ್ಕೆ ಸ್ಟಿಕ್ ಎತ್ತ ತಳ್ಳಬೇಕು ಅನ್ನುವುದನ್ನು ಅಂಕಿಯಲ್ಲಿ 236 ಅಂತ ಬರೆಯುತ್ತಾರೆ. ಗೇಮ್ ಕೆಟ್ಟಿರಲಿಲ್ಲ. ಅವನು ಮೊಬೈಲ್ ಡಯಲ್ ಪ್ಯಾಡ್ ನೋಡಿಕೊಂಡು ಒತ್ತುತ್ತಿದ್ದ. ಅದರಲ್ಲಿ 123 ಮೇಲಿರುತ್ತದೆ, ಎಲ್ಲ ತಲೆಕೆಳಗು.

ನೋಡಬೇಕಾದ್ದು ಕಂಪ್ಯೂಟರ್ ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡ್. ಅಂಗಡಿಯವರ ಕ್ಯಾಲ್ಕುಲೇಟರ್ ಆದರೂ ಆಯಿತು. 789 ಮೇಲೆ, 123 ಕೆಳಗೆ. 5 ಎಂದರೆ ಸ್ಟಿಕ್ ಮುಟ್ಟಬೇಡಿ, 8 ನೆಗೆತ, 2 ಕೂರುವುದು, 6 ಮುಂದೆ, 4 ಹಿಂದೆ, 3 ಮುಂದಿನ ಕೆಳಮೂಲೆ, 1 ಹಿಂದಿನ ಕೆಳಮೂಲೆ. ಹಡೋಕೆನ್‌ಗೆ 236, ಆಮೇಲೆ ಪಂಚ್. 1991ರ ಸ್ಟ್ರೀಟ್ ಫೈಟರ್ 2ರಲ್ಲೂ ಇದೇ. ಬಾಣದ ಗುರುತು ಹಾಕಿ ಬರೆಯುವವರೂ ಇದ್ದಾರೆ, ಆದರೆ ಫೋನಿನಲ್ಲಿ ಒಂದೊಂದೇ ಬಾಣ ಹುಡುಕುವ ಹೊತ್ತಿಗೆ ಒಂದು ಮ್ಯಾಚ್ ಮುಗಿದಿರುತ್ತದೆ. ಅಂಕಿಯೇ ಸಾಕು.

ಎಲ್ಲರೂ ಎಡವುವುದು ಇಲ್ಲಿ: 6 ಎಂದರೆ ಬಲಗಡೆ ಅಲ್ಲ, ಎದುರಾಳಿ ಇರುವ ಕಡೆ. ನೀವು ಎಡಗಡೆ ನಿಂತಿದ್ದೀರಿ ಅಂತ ಇಟ್ಟುಕೊಂಡೇ ಎಲ್ಲವನ್ನೂ ಬರೆಯುತ್ತಾರೆ. ಅವನು ನಿಮ್ಮ ತಲೆ ಮೇಲಿಂದ ಹಾರಿ ಆ ಕಡೆಗೆ ಹೋದರೆ ಕೈ ತಿರುಗಬೇಕು, ಬರೆದದ್ದು ತಿರುಗಬಾರದು. ನನ್ನ ಅಳಿಯನ ನೋಟ್‌ಬುಕ್ಕಿನಲ್ಲಿ ಹಡೋಕೆನ್‌ಗೆ 236 ಅಂತಲೂ ಇತ್ತು, "ಆ ಕಡೆ ನಿಂತಾಗ 214" ಅಂತಲೂ ಇತ್ತು. 214 ಬೇರೆಯದೇ ಮೂವ್ ಮಾರಾಯ, ಅದಕ್ಕೆ ಕಿಕ್ ಸೇರಿಸಿದರೆ ರ‍್ಯು ಗಿರಗಿರ ಸುತ್ತಿಕೊಂಡು ಒದೆಯುತ್ತಾನೆ.

ಇನ್ನೊಂದು 623, ಅಂದರೆ ಶೋರ್ಯುಕೆನ್, ಮೇಲಕ್ಕೆ ನೆಗೆಯುತ್ತಲೇ ಗುದ್ದುವುದು. ಮುಂದೆ, ಕೆಳಗೆ, ಕೆಳಮೂಲೆ, ಅಲ್ಲಿಗೆ ನಿಲ್ಲಿಸಿ ಪಂಚ್. ಮುಂದಕ್ಕೆ ನಡೆಯುತ್ತಲೇ 236 ಒತ್ತಿದರೂ ಇದೇ ಬಂದುಬಿಡುತ್ತದೆ, ಯಾಕೆಂದರೆ ನಡೆಯುವಾಗ ಕೈ 6ರಲ್ಲೇ ಇರುತ್ತದೆ, ಗೇಮ್ ಅದನ್ನು 6236 ಅಂತ ಓದಿ ಮೊದಲ ಮೂರನ್ನು ಹಿಡಿದುಕೊಳ್ಳುತ್ತದೆ. ಒಂದು ಕ್ಷಣ 5ಕ್ಕೆ ಬಿಟ್ಟು ಆಮೇಲೆ ಒತ್ತಿ. ಸ್ಟ್ರೀಟ್ ಫೈಟರ್ 4ರಲ್ಲಿ 323 ಒತ್ತಿದರೂ ಬರುತ್ತಿತ್ತು. ಒತ್ತುವಾಗ ಆ ಅಡ್ಡದಾರಿ ಹಿಡಿಯಿರಿ, ಬರೆಯುವಾಗ ಮಾತ್ರ 623 ಅಂತಲೇ ಬರೆಯಿರಿ. ಇನ್ನು 300 ರೂಪಾಯಿಯ ಗೇಮ್‌ಪ್ಯಾಡ್ ತಂದಿದ್ದರೆ ನಿಮ್ಮ ತಪ್ಪಿಲ್ಲ ಬಿಡಿ. ನಾನು ತಂದಿದ್ದರಲ್ಲಿ 3 ಅನ್ನುವ ಮೂಲೆಯೇ ತಾಗುತ್ತಿರಲಿಲ್ಲ.

ಬಟನ್ ಸುಲಭ. ಪಂಚ್‌ಗೆ ಪಿ, ಕಿಕ್‌ಗೆ ಕೆ, ಅದಕ್ಕೆ ಮುಂಚೆ ಲೈಟ್‌ಗೆ ಎಲ್, ಮೀಡಿಯಂಗೆ ಎಂ, ಹೆವಿಗೆ ಎಚ್. "2ಎಂಕೆ > 236ಎಚ್‌ಪಿ" ಎಂದರೆ ಕೂತು ಮೀಡಿಯಂ ಕಿಕ್, ಅದು ಮುಗಿಯುವ ಮುಂಚೆಯೇ ಹೆವಿ ಹಡೋಕೆನ್. ಚೌಕ ಕಂಸ ಕಂಡರೆ ಒತ್ತಿ ಹಿಡಿಯಿರಿ: ಗೈಲ್ ಎಂಬ ಇನ್ನೊಂದು ಪಾತ್ರದ ಸೋನಿಕ್ ಬೂಮ್ [4]6ಪಿ, ಅಂದರೆ ಹಿಂದೆ ಒತ್ತಿ ಹಿಡಿದು ಆಮೇಲೆ ಮುಂದೆ, ಪಂಚ್.

ಟೆಕ್ಕೆನ್ ಎಂಬ ಇನ್ನೊಂದು ಹೊಡೆದಾಟದ ಗೇಮ್ ಆಡುವವರು ಇದನ್ನೆಲ್ಲ ಬೇರೆ ಪುಟದಲ್ಲಿ ಬರೆದುಕೊಳ್ಳಿ. ಅಲ್ಲಿ ಅಂಕಿ ಎಂದರೆ ದಿಕ್ಕಲ್ಲ, ಕೈಕಾಲು. 1 ಎಡಗೈ, 2 ಬಲಗೈ, 3 ಎಡಗಾಲು, 4 ಬಲಗಾಲು.