ಒಣ ಗ್ಯಾಸಿನ ಖುಷಿ

ಮೀಥೇನ್ ಸುಡುವ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಪ್ರಯೋಗದ ಮೊದಲ ಗ್ರಾಫ್ ಹಿಡಿದು ಗೈಡ್ ಮೇಡಂ ಹತ್ತಿರ ಓಡಿದ್ದೆ. 320 ಡಿಗ್ರಿಗೇ ಅರ್ಧ ಮೀಥೇನ್ ಉರಿದುಹೋಗಿತ್ತು. ಅವರು ಹಾಳೆ ನೋಡಿ ಕೇಳಿದ್ದು ಒಂದೇ ಮಾತು: "ಗ್ಯಾಸಿನ ಜೊತೆ ನೀರು ಬಿಟ್ಟಿದ್ದೀಯಾ?"

ಬಿಟ್ಟಿರಲಿಲ್ಲ.

ಸಿಎನ್‌ಜಿ ಬಸ್ಸಿನ ಹೊಗೆಯಲ್ಲಿ ಉರಿಯದೆ ಉಳಿದ ಮೀಥೇನ್ ಇರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಕಾಯಿಸುವುದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ. ಅದನ್ನು ಕಡಿಮೆ ಬಿಸಿಯಲ್ಲೇ ಸುಡಬೇಕು, ಅದಕ್ಕೇ ಕ್ಯಾಟಲಿಸ್ಟ್ ಆಗಿ ಪಲ್ಲಾಡಿಯಂ ಲೋಹ. ಆದರೆ ಅದೇ ಹೊಗೆಯಲ್ಲಿ ಸುಮಾರು 10% ನೀರಾವಿಯೂ ಇರುತ್ತದಲ್ವಾ? ನಾನು ಅದನ್ನೇ ಮರೆತಿದ್ದೆ.

ಕ್ಯಾಟಲಿಸ್ಟ್ ಮಾಡುವುದು ಸುಲಭ. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಗೆ ಪಲ್ಲಾಡಿಯಂ ನೈಟ್ರೇಟ್ ದ್ರಾವಣ ಕುಡಿಸಿ, ಒಣಗಿಸಿ, 500 ಡಿಗ್ರಿಯಲ್ಲಿ ಸುಟ್ಟೆ. ಕ್ವಾರ್ಟ್ಜ್ ಟ್ಯೂಬಿಗೆ ಹಾಕುವಾಗ, ಬಿಸಿ ಒಂದೇ ಕಡೆ ನಿಲ್ಲದಿರಲಿ ಎಂದು ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಿದೆ. ಗ್ಯಾಸಿನಲ್ಲಿರುವ 1% ಮೀಥೇನ್ ಪೂರ್ತಿ ಉರಿದು ಆ ಬಿಸಿ ಹೊರಗೆ ಹೋಗದಿದ್ದರೆ ಗ್ಯಾಸಿನ ಉಷ್ಣತೆ 200 ಡಿಗ್ರಿಗೂ ಜಾಸ್ತಿ ಏರುತ್ತದೆ. ಆಗ ಫರ್ನೇಸ್ ತೋರಿಸುವ ಅಂಕಿಯನ್ನು ನಂಬಿದವನು ಕೆಟ್ಟ. ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿಯ ತುದಿ ಪುಡಿಯೊಳಗೇ ಇರಬೇಕು.

ಕಷ್ಟ ಕೊಟ್ಟದ್ದು ನೀರು. 46 ಡಿಗ್ರಿಯ ನೀರಿನಲ್ಲಿ ಗ್ಯಾಸನ್ನು ಗುಳ್ಳೆ ಗುಳ್ಳೆಯಾಗಿ ಹಾಯಿಸಿದರೆ ಸುಮಾರು 10% ಆವಿ ಸಿಗುತ್ತದೆ. ಲೆಕ್ಕವೇನೋ ಸರಿ. ಆದರೆ ಮೀಥೇನ್ ಅಂಕಿ ಅರ್ಧ ಗಂಟೆಗೊಮ್ಮೆ ಕುಣಿಯುತ್ತಿತ್ತು. ಎರಡು ವಾರ ಜಿಸಿಯನ್ನು (ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಗ್ಯಾಸಿನಲ್ಲಿ ಏನು ಎಷ್ಟಿದೆ ಎಂದು ಅಳೆಯುವ ಯಂತ್ರ) ಬೈದೆ. ಕೊನೆಗೆ ನೋಡಿದರೆ, ಪೈಪಿನ ಒಂದು ಗೇಣು ಜಾಗಕ್ಕೆ ನಾನು ಹೀಟಿಂಗ್ ಟೇಪ್ ಸುತ್ತಿರಲೇ ಇಲ್ಲ! ಅಲ್ಲಿ ಆವಿ ತಣಿದು ಹನಿಯಾಗಿ, ಆಗಾಗ ಒಂದು ಗುಟುಕು ಒಳಗೆ ಹೋಗುತ್ತಿತ್ತು. ಟೇಪ್ ಸುತ್ತಿ 120 ಡಿಗ್ರಿಗೆ ಇಟ್ಟ ಮೇಲೆ ಕುಣಿತ ನಿಂತಿತು.

ಗ್ರಾಫ್ ಕೂಡ ಕುಸಿಯಿತು. ಅರ್ಧ ಮೀಥೇನ್ ಉರಿಯಲು ಈಗ 410 ಡಿಗ್ರಿ ಬೇಕಾಯಿತು. ಪಲ್ಲಾಡಿಯಂ ಆಕ್ಸೈಡಿನ ಮೇಲೆ ಮೀಥೇನ್ ಕೂರಬೇಕಾದ ಜಾಗದಲ್ಲಿ ನೀರು ಒಡೆದು ಹೈಡ್ರಾಕ್ಸಿಲ್ (OH) ಆಗಿ ಬಂದು ಕೂರುತ್ತದೆ, ಬೇಗ ಏಳುವುದಿಲ್ಲ. ನೀರು ನಿಲ್ಲಿಸಿ 500 ಡಿಗ್ರಿಗೆ ಕಾಯಿಸಿದಾಗ ಕ್ಯಾಟಲಿಸ್ಟ್ ಬಹುಮಟ್ಟಿಗೆ ಚೇತರಿಸಿಕೊಂಡಿತು, ಪೂರ್ತಿ ಅಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಪಲ್ಲಾಡಿಯಂ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿದ್ದವು.

ಈಗ ಸಿಲಿಕಾ ಜಾಸ್ತಿ ಇರುವ, ನೀರನ್ನು ಅಷ್ಟಾಗಿ ಹಚ್ಚಿಕೊಳ್ಳದ ಜಿಯೋಲೈಟ್ (ಅತಿ ಸಣ್ಣ ರಂಧ್ರಗಳಿರುವ ವಸ್ತು) ಮೇಲೆ ಪಲ್ಲಾಡಿಯಂ ಹಾಕಿ ನೋಡುತ್ತಿದ್ದೇನೆ. ಈ ಸಲ ಮೊದಲ ದಿನದಿಂದಲೇ ಗ್ಯಾಸಿನ ಜೊತೆ ನೀರು ಬಿಟ್ಟಿದ್ದೇನೆ.